ತಲೆ ಮುಳುಗುವಷ್ಟು ನೀರು

ಫೆಬ್ರವರಿ ೧೧

ಮೊಂಡ ತಮ್ಮನಿಗೆ,

ಫೋನಿನಲ್ಲಿ ನಮ್ಮಿಬ್ಬರ ಮಾತು ಶುರುವಾಗುವ ಮೊದಲೇ ಜಗಳವಾಗುತ್ತದೆ. ಮೊನ್ನೆಯಂತೂ ನಾನು ಮಾತಾಡುತ್ತಿರುವಾಗಲೇ ನೀನು ಫೋನು ಇಟ್ಟುಬಿಟ್ಟೆ. ಕಾಗದದಲ್ಲಾದರೆ ನೀನು ಅಡ್ಡ ಬಾಯಿ ಹಾಕಲಾರೆ, ನಾನೂ ನಿನ್ನ ಬಾಯಿ ಮುಚ್ಚಿಸಲಾರೆ. ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಕ್ಷೇಮ ಎಷ್ಟರಮಟ್ಟಿಗಿದೆ ಎಂದು ಡಾಕ್ಟರು ನನಗೆ ಹೇಳಿದ್ದಾರೆ, ಹಾಗಾಗಿ ಕೇಳುವುದಿಲ್ಲ. ನನ್ನ ಕ್ಷೇಮವನ್ನು ಮಾತ್ರ ನೀನು ಕೇಳಲೇಬೇಕು. ಯಾಕೆಂದರೆ ನಿನ್ನ ಹೆಬ್ಬಾತು ನನ್ನ ಮನೆಗೆ ಬಂದು ಕೂತಿದೆ.

ನಿನ್ನ ಪಕ್ಕದ ಗುಜರಿ ಅಂಗಡಿಯ ಯಜಮಾನರು ಅದನ್ನು ಮರದ ಪೆಟ್ಟಿಗೆಯಲ್ಲಿ ಹಾಕಿಕೊಂಡು ಬಂದರು. ನೀನು ಛಾವಣಿಯಿಂದ ಬಿದ್ದ ದಿನದಿಂದ ಅದು ನಿನ್ನ ವೆಲ್ಡಿಂಗ್ ಶೆಡ್ಡಿನ ಬಾಗಿಲಲ್ಲೇ ಕೂತಿತ್ತಂತೆ. ಹತ್ತಿರ ಬಂದವರ ಕಾಲಿಗೆ ಬಾಯಿ ಹಾಕುತ್ತಿತ್ತಂತೆ, ಹಾಕಿದ್ದನ್ನು ಮಾತ್ರ ತಿನ್ನುತ್ತಿರಲಿಲ್ಲವಂತೆ. "ಹೀಗೇ ಬಿಟ್ರೆ ಸತ್ತುಹೋಗುತ್ತಮ್ಮ, ಆಮೇಲೆ ಅವನಿಗೆ ನಾನೇನು ಹೇಳಲಿ?" ಎಂದರು. ಒಬ್ಬರು ಹಾಗೆ ಕೇಳಿದ ಮೇಲೆ ಬೇಡ ಎನ್ನುವುದು ಹೇಗೆ? ಹೂಂ ಅಂದೆ. ಹೂಂ ಅನ್ನುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ, ನಿನಗೇ ಗೊತ್ತು.

ನನಗೆ ಹಕ್ಕಿಗಳೆಂದರೆ ಅಷ್ಟಕ್ಕಷ್ಟೇ. ಇದಂತೂ ಹಕ್ಕಿಯಲ್ಲ, ರೆಕ್ಕೆ ಇರುವ ಪೊಲೀಸು. ನನ್ನ ಹೊಲಿಗೆ ಅಂಗಡಿಯ ಹಿಂದಿನ ಅಂಗಳದಲ್ಲಿ ಬಿಟ್ಟಿದ್ದೇನೆ. ಬೆಳಕು ಹರಿಯುವುದಕ್ಕೂ ಇದರ ಕಹಳೆಗೂ ಸರಿಹೋಗುತ್ತದೆ. ಕಟ್ಟಡದ ಮೂರೂ ಮಹಡಿಯವರು ಕಿಟಕಿ ತೆಗೆದು ಇಣುಕುತ್ತಾರೆ. ನಿನ್ನೆ ನಿವಾಸಿಗಳ ಸಂಘದ ಕಾರ್ಯದರ್ಶಿಗಳು ಪ್ಯಾಂಟು ಕಿರಿದು ಮಾಡಿಸಲು ಬಂದಿದ್ದರು. ಅಳತೆ ತೆಗೆಯಲು ನಾನು ಬಗ್ಗುವಷ್ಟರಲ್ಲಿ ಇದು ಹಿಂದಿನಿಂದ ಬಂದು ತನ್ನದೇ ಅಳತೆ ತೆಗೆದುಕೊಂಡಿತು. ಅವರು ಕಪಾಟಿನ ಮೇಲೆ ಹತ್ತಿದ್ದು ನೋಡಿ ನಗು ತಡೆಯಲು ಬಾಯಿಗೆ ಟೇಪು ಕಚ್ಚಿಕೊಂಡೆ.

ಇದು ಏನು ತಿನ್ನುತ್ತದೆ? ಬಾಯಿ ಮುಚ್ಚುವುದು ಯಾವಾಗ? ಮೇಸ್ತ್ರಿ ಅಂತ ಯಾಕೆ ಹೆಸರಿಟ್ಟೆ? ಇಷ್ಟಕ್ಕಾದರೂ ಉತ್ತರ ಬರೆ.

ನಿನ್ನ ಅಕ್ಕ


ಫೆಬ್ರವರಿ ೨೦

ಅಕ್ಕಾ,

ಸಾಕಲಾಗದಿದ್ದರೆ ಯಾರಿಗಾದರೂ ಕೊಟ್ಟುಬಿಡು. ಬೇಯಿಸುವವರು ಕೇಳಿದರೆ ಅವರಿಗೂ ಕೊಡು. ನನ್ನನ್ನು ಕೇಳಬೇಡ. ನನ್ನ ಕೈಯಲ್ಲಿ ಈಗ ಒಂದು ನೊಣ ಸಾಕುವ ತಾಕತ್ತೂ ಇಲ್ಲ.

ಇಲ್ಲಿಗೆ ಬರುತ್ತೇನೆ ಅಂತಲೂ ಬರೆಯಬೇಡ. ಬಂದವರೆಲ್ಲ ಮಂಚದ ಕಾಲುಗಡೆ ನಿಂತು, ಹೊದಿಕೆಯ ಕೆಳಗಿರುವುದನ್ನು ನೋಡದ ಹಾಗೆ ನೋಡಿ, ಒಂದೇ ಮಾತು ಹೇಳಿ ಹೋಗುತ್ತಾರೆ: "ಜೀವ ಉಳೀತಲ್ಲ, ಅದಕ್ಕೆ ಸಂತೋಷಪಡು." ಸಂತೋಷಪಡಬೇಕಾದ್ದು ಯಾವುದಕ್ಕೆ ಅಂತ ಗಟ್ಟಿ ಕಾಲಿನವರು ಬಂದು ನನಗೆ ಕಲಿಸುತ್ತಾರೆ. ಗಾಯದ ಮೇಲೆ ಬರೆ ಎಳೆಯುವುದು ಅಂದರೆ ಇದೇ.

ಅದು ಸಾಲದು ಎಂಬಂತೆ ಇಲ್ಲೊಬ್ಬ ಮೇಡಂ ಇದ್ದಾರೆ. ನಾವೆಲ್ಲ ಅವರನ್ನು ಸಮಾಧಾನದ ಮೇಡಂ ಅನ್ನುತ್ತೇವೆ. ವಾರ್ಡಿನವರ ಮನಸ್ಸು ಸರಿಮಾಡುವುದು ಅವರ ಕೆಲಸ. ಇವತ್ತು ಯಾವುದಕ್ಕೆ ಋಣಿಯಾಗಿದ್ದೀರಿ ಅಂತ ಪ್ರತಿಯೊಬ್ಬರನ್ನೂ ಕೇಳುತ್ತಾರೆ. ಪಕ್ಕದ ಮಂಚದ ಬಡಗಿ ಪ್ರತಿಸಲ ದೇವರು, ಹೆಂಡತಿ, ಡಾಕ್ಟರು ಅಂತಾನೆ. ಡಾಕ್ಟರು ಅಲ್ಲೇ ನಿಂತಿದ್ದರೆ ಹೆಂಡತಿ ಹಿಂದಕ್ಕೆ ಹೋಗುತ್ತಾಳೆ. ನಾನು ಫ್ಯಾನು ಅಂದೆ. ಮರುದಿನವೂ ಫ್ಯಾನು ಅಂದೆ. "ಮನಸ್ಸು ತೆರೆದು ಹೇಳಿ" ಅಂದರು. ಋಣ ಅನ್ನುವುದು ಕೇಳಿ ತೆಗೆದುಕೊಂಡದ್ದಕ್ಕೆ, ನಾನು ಇದನ್ನು ಕೇಳಿರಲಿಲ್ಲ ಅಂದೆ. ಅವರಿಗೆ ಬೇಜಾರಾಯಿತು. ಆಗಲಿ.

ತಮ್ಮ

ಅದು ಹುಲ್ಲು ತಿನ್ನುತ್ತದೆ, ನೆನೆಸಿದ ಗೋಧಿ ತಿನ್ನುತ್ತದೆ. ಬ್ರೆಡ್ಡು ಹಾಕಬೇಡ. ಕುಡಿಯುವ ನೀರನ್ನು ತಟ್ಟೆಯಲ್ಲಿ ಇಟ್ಟಿರುತ್ತೀಯ, ನೀನು ಅಂಥವಳೇ. ಅದು ಸಾಲದು. ತಲೆ ಪೂರ್ತಿ ಮುಳುಗುವಷ್ಟು ನೀರು ಬೇಕು. ಇಲ್ಲದಿದ್ದರೆ ಕಣ್ಣು, ಮೂಗು ಕಟ್ಟಿಕೊಂಡು ನೋವಾಗುತ್ತದೆ. ನಾನು ಕೆಲಸ ಮಾಡುವಾಗ ಹಿಂದೆ ನಿಂತು ಕುತ್ತಿಗೆ ಚಾಚಿ ಬೆಸುಗೆ ಸರಿಯಾಗಿದೆಯಾ ಅಂತ ನೋಡುತ್ತಿತ್ತು, ಅದಕ್ಕೇ ಮೇಸ್ತ್ರಿ.


ಮಾರ್ಚ್ ೧೪

ತಮ್ಮನಿಗೆ,

ನೊಣ ಸಾಕುವ ತಾಕತ್ತಿಲ್ಲದವನು ಕಾಗದದ ಬುಡದಲ್ಲಿ ಬರೆದದ್ದನ್ನು ಮೊದಲು ಓದಿದೆ, ಮಿಕ್ಕದ್ದನ್ನು ಆಮೇಲೆ.

ನೀನು ಊಹಿಸಿದಂತೆ ನೀರನ್ನು ತಟ್ಟೆಯಲ್ಲೇ ಇಟ್ಟಿದ್ದೆ. ಅವತ್ತೇ ಬಟ್ಟೆ ನೆನೆಸುವ ದೊಡ್ಡ ಟಬ್ಬು ಅಂಗಳಕ್ಕೆ ಎಳೆದು ನೀರು ತುಂಬಿಸಿದೆ. ಅದು ದೂರದಿಂದಲೇ ಒಂದು ಕಣ್ಣಿನಿಂದ ನೋಡಿತು, ತಿರುಗಿ ಇನ್ನೊಂದು ಕಣ್ಣಿನಿಂದ ನೋಡಿತು. ಆಮೇಲೆ ಬಂದು ತಲೆಯನ್ನು ಕುತ್ತಿಗೆಯ ಸಮೇತ ಒಳಗೆ ಹಾಕಿ ಎತ್ತಿತು. ನೀರು ಬೆನ್ನಿನ ಮೇಲೆ ಮುತ್ತಿನ ಹಾಗೆ ಉರುಳಿತು. ಮತ್ತೆ ಹಾಕಿತು, ಮತ್ತೆ ಎತ್ತಿತು. ಕೊನೆಗೆ ಟಬ್ಬಿನೊಳಗೇ ಹತ್ತಿ ರೆಕ್ಕೆ ಬಡಿದು ನನ್ನನ್ನೂ ತೋಯಿಸಿತು. ಕತ್ತರಿ ಕೈಯಲ್ಲಿ ಹಿಡಿದುಕೊಂಡು ಎಷ್ಟು ಹೊತ್ತು ನಿಂತೆನೋ, ಗಿರಾಕಿಯೊಬ್ಬರು ಒಳಗಿನಿಂದ ಕೂಗಿದಾಗಲೇ ಎಚ್ಚರ. ಒಂದು ಟಬ್ಬು ನೀರಿನಲ್ಲಿ ಅಷ್ಟೊಂದು ಸುಖವಿದೆ ಅಂತ ನನಗೆ ಯಾರೂ ಹೇಳಿರಲಿಲ್ಲ. ನಾನು ಇಷ್ಟು ವರ್ಷ ಸ್ನಾನ ಮಾಡಿದ್ದೂ ಪಾತ್ರೆ ತೊಳೆದಂತೆಯೇ. ಮರುದಿನ ಬಿಸಿನೀರು ಕಾಯಿಸಿಕೊಂಡು ನಿಧಾನವಾಗಿ ಸ್ನಾನ ಮಾಡಿದೆ. ಅಂಗಡಿ ತಡವಾಗಿ ತೆಗೆದೆ. ಯಾರೂ ಸಾಯಲಿಲ್ಲ.

ಈಗ ಮೇಸ್ತ್ರಿ ಹಗಲೆಲ್ಲ ಹೊಲಿಗೆ ಮಿಷಿನ್ನಿನ ಪಕ್ಕ ಕೂರುತ್ತಾಳೆ. ಮಿಷಿನ್ನಿನ ಸದ್ದು ಕೇಳುತ್ತಿದ್ದರೆ ಬಾಯಿ ಬಿಡುವುದಿಲ್ಲ. ಹೊಲಿಗೆ ಸೊಟ್ಟಗಾದರೆ ಕುತ್ತಿಗೆ ಚಾಚುತ್ತಾಳೆ. ನಿಜವಾಗಿಯೂ ಮೇಸ್ತ್ರಿಯೇ.

ಸಂಘದವರು ಪತ್ರ ಕೊಟ್ಟಿದ್ದಾರೆ. ಕಟ್ಟಡದಲ್ಲಿ ಪ್ರಾಣಿಪಕ್ಷಿ ಇಟ್ಟುಕೊಳ್ಳುವಂತಿಲ್ಲವಂತೆ. ಬಾತು ಹೋಗಬೇಕು, ಇಲ್ಲವೇ ಅಂಗಡಿಯೂ ಮೇಲಿನ ಮನೆಯೂ ಖಾಲಿಯಾಗಬೇಕು. ಮುಂದಿನ ತಿಂಗಳು ಸಭೆಯಿದೆ. ನೋಡೋಣ ಅಂದೆ. ಹೂಂ ಅನ್ನಲಿಲ್ಲ ಎಂಬುದನ್ನು ಗಮನಿಸು.

ನಿನ್ನೆ ಕಾಲುವೆ ದಂಡೆಯ ಕಡೆ ಸುಮ್ಮನೆ ನಡೆದುಕೊಂಡು ಹೋಗಿದ್ದೆ. ಗಾಳಿ ಚೆನ್ನಾಗಿತ್ತು.

ಅಕ್ಕ


ಏಪ್ರಿಲ್ ೨

ಅಕ್ಕಾ,

ನಾನೀಗ ಮಂಚದಿಂದ ಗಾಲಿಕುರ್ಚಿಗೆ ಯಾರ ಕೈಯನ್ನೂ ಹಿಡಿಯದೆ ಹೋಗುತ್ತೇನೆ. ವ್ಯಾಯಾಮ ಹೇಳಿಕೊಡುವವನು ರಾಕ್ಷಸ. ಹೊಗಳುವುದೇ ಇಲ್ಲ, "ಇನ್ನೊಂದ್ಸಲ" ಅನ್ನುತ್ತಾನೆ. ಇಲ್ಲಿ ನನಗೆ ಸೇರುವ ಮನುಷ್ಯ ಅವನೊಬ್ಬನೇ.

ಹೋದ ವಾರ ಗಾಳಿಗೆಂದು ನಮ್ಮನ್ನೆಲ್ಲ ಹೊರಗೆ ಕೂರಿಸಿದ್ದರು. ಇದ್ದಕ್ಕಿದ್ದಂತೆ ಮಳೆ ಬಂತು. ಆಯಾಗಳು ಓಡಿಬಂದು ಒಬ್ಬೊಬ್ಬರನ್ನೇ ಒಳಗೆ ತಳ್ಳಿದರು. ನಾನು ಗಾಲಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಕೂತುಬಿಟ್ಟೆ. ಹಿರಿಯ ನರ್ಸು ಛತ್ರಿ ಹಿಡಿದು ಬಂದರು. ನ್ಯುಮೋನಿಯಾ ಬಂದರೆ ಯಾರು ಹೊಣೆ ಅಂತ ಕೇಳಿದರು. ನಾನೇ ಅಂದೆ. ಆ ಮಾತು ನನ್ನ ಬಾಯಿಂದ ಬಂದು ಎಷ್ಟು ಕಾಲವಾಗಿತ್ತು! ಬಿದ್ದ ದಿನದಿಂದ ನನ್ನ ಯಾವುದಕ್ಕೂ ನಾನು ಹೊಣೆಯಾಗಿರಲಿಲ್ಲ. ಅವರು ಛತ್ರಿ ತಿರುಗಿಸಿಕೊಂಡು ಒಳಗೆ ಹೋದರು.

ತಲೆಯ ಮೇಲೆ ಬಿತ್ತು, ರೆಪ್ಪೆಯ ಮೇಲೆ ಬಿತ್ತು, ಕತ್ತಿನಿಂದ ಅಂಗಿಯೊಳಗೆ ಇಳಿಯಿತು. ತಣ್ಣಗೆ ಸೊಂಟದವರೆಗೆ ಬಂತು. ಅದರ ಕೆಳಗೂ ಬಂದಿರಬೇಕು, ಪೈಜಾಮ ತೊಯ್ದಿತ್ತು. ಅಲ್ಲಿ ಗೊತ್ತಾಗಲಿಲ್ಲ. ಗೊತ್ತಾದಷ್ಟು ನನ್ನದು ಅಂದುಕೊಂಡೆ. ಯಾರೂ ಕೇಳದೆ, ಯಾರೂ ಕಲಿಸದೆ ಬಂದ ಸಂತೋಷ. ಸಮಾಧಾನದ ಮೇಡಂಗೆ ಹೇಳಲಿಲ್ಲ. ಹೇಳಿದರೆ ಅದನ್ನೂ ಅವರು ತಮ್ಮ ಔಷಧಿ ಮಾಡಿಕೊಳ್ಳುತ್ತಾರೆ. ಮೂರು ದಿನ ಸೀನಿದೆ. ಪ್ರತಿ ಸೀನೂ ರುಚಿಯಾಗಿತ್ತು.

ಈಗ ಮುಖ್ಯವಾದದ್ದು. ಮುಂದಿನ ತಿಂಗಳು ಇಲ್ಲಿಂದ ಬಿಡುತ್ತಾರೆ. ಮೆಟ್ಟಿಲಿರುವ ಮನೆ ಆಗದು ಅಂತ ಡಾಕ್ಟರು ಹೇಳಿದ್ದಾರೆ. ನಿನ್ನ ಮೂರನೇ ಮಹಡಿಯ ಮೆಟ್ಟಿಲುಗಳು ನನಗೆ ಕಣ್ಣು ಮುಚ್ಚಿದರೂ ಕಾಣುತ್ತವೆ. ನನ್ನಂಥವರಿಗೆಂದೇ ಊರಾಚೆ ಒಂದು ಆಶ್ರಯಧಾಮವಿದೆ, ಅಲ್ಲಿಗೆ ಸೇರುತ್ತೇನೆಂದು ಒಪ್ಪಿಕೊಂಡಿದ್ದೇನೆ. ಅಲ್ಲಿ ಪ್ರಾಣಿಪಕ್ಷಿಗಳಿಗೆ ಜಾಗವಿಲ್ಲ. ಆದ್ದರಿಂದ ಮೇಸ್ತ್ರಿಯನ್ನು ಯಾವುದಾದರೂ ಕೆರೆಯಿರುವ ತೋಟದವರಿಗೆ ಕೊಡು. ಹೊಟ್ಟೆಪಾಡಿನ ಅಂಗಡಿ ಕಳೆದುಕೊಳ್ಳಬೇಡ. ಇದರ ಬಗ್ಗೆ ವಾದ ಬೇಡ.

ತಮ್ಮ


ಏಪ್ರಿಲ್ ೨೭

ತಮ್ಮನಿಗೆ,

ವಾದ ಮಾಡುವುದಿಲ್ಲ. ನಡೆದದ್ದನ್ನು ಹೇಳುತ್ತೇನೆ.

ನಿನಗೆ ಬರೆಯದೆ ಉಳಿಸಿಕೊಂಡಿದ್ದ ಒಂದು ಸಂಗತಿಯಿದೆ. ಬಾತು ಬರುವುದಕ್ಕೂ ಮುಂಚೆಯೇ ನಾನು ಸಂಘದವರಲ್ಲಿ ಒಂದು ವಿಷಯ ಕೇಳಿಕೊಂಡಿದ್ದೆ. ಅಂಗಡಿಯ ಹಿಂದಿನ ಉಗ್ರಾಣದ ಕೋಣೆಯನ್ನು ನನ್ನ ತಮ್ಮನಿಗೆ ಬಿಟ್ಟುಕೊಡಿ, ಬಾಗಿಲಿನ ಮೆಟ್ಟಿಲಿಗೆ ಒಂದು ಇಳಿಜಾರು ಕಟ್ಟಿಸಿಕೊಳ್ಳುತ್ತೇನೆ ಅಂತ. ಇಳಿಜಾರು ಬಂದರೆ ಕಟ್ಟಡದ ಅಂದ ಕೆಡುತ್ತದೆ ಅಂದರು. ಅವತ್ತು ನಾನು ಹೂಂ ಅಂದು ಮೇಲೆ ಹತ್ತಿಹೋಗಿದ್ದೆ.

ಸಭೆಯಲ್ಲಿ ಮೊದಲ ಮಾತೇ ಬಾತಿನದು. ಕಾರ್ಯದರ್ಶಿಗಳು ನಯವಾಗಿಯೇ ಮಾತಾಡಿದರು. "ನೀವು ಯಾವತ್ತೂ ನಮಗೆ ಎದುರಾಡಿದವರಲ್ಲ. ಒಂದು ಹಕ್ಕಿಗೋಸ್ಕರ ಯಾಕೆ ಕೆಟ್ಟೋರಾಗ್ತೀರಿ?" ಎಂದರು.

ಕುರ್ಚಿ ಹಿಡಿದುಕೊಂಡು ಎದ್ದು ನಿಂತೆ.

"ಹಕ್ಕಿ ಗಲಾಟೆ ಮಾಡುತ್ತೆ, ನಿಜ. ಇಳಿಜಾರು ಏನು ಗಲಾಟೆ ಮಾಡ್ತಿತ್ತು? ನಿಮ್ಮೆಲ್ಲರ ಸೊಂಟದ ಅಳತೆ ನನಗೆ ಬಾಯಿಪಾಠ. ಮನಸ್ಸಿನ ಅಳತೆ ಇವತ್ತು ಗೊತ್ತಾಯ್ತು. ಬಾತನ್ನ ಕಳಿಸಲ್ಲ. ನಾನೇ ಹೋಗ್ತೀನಿ."

ಯಾರೋ ಹಿಂದಿನಿಂದ, ಇಷ್ಟು ವರ್ಷ ಇದ್ದ ಜಾಗದ ಮೇಲೆ ಒಂದಿಷ್ಟು ಋಣವಾದರೂ ಇರಬೇಕು ಅಂದರು. ಇದೆ ಅಂದೆ. ನಲ್ಲಿಯ ಮೇಲಿದೆ, ಬೆಳಗಿನ ಬಿಸಿಲು ಬೀಳುತ್ತಿದ್ದ ಅಡುಗೆಮನೆಯ ಕಿಟಕಿಯ ಮೇಲಿದೆ, ಸಂಘದ ಮೇಲಿಲ್ಲ ಅಂದೆ. ಹೊರಗೆ ಬಂದ ಮೇಲೆ ಮೆಟ್ಟಿಲ ಮೇಲೆ ಕೂತು ಚೆನ್ನಾಗಿ ಅತ್ತೆ. ಅದನ್ನು ಅವರು ನೋಡಲಿಲ್ಲ.

ಈಗ ಕಾಲುವೆ ದಂಡೆಯಲ್ಲಿದ್ದೇನೆ. ಮೊದಲು ದೋಣಿ ರಿಪೇರಿ ಮಾಡುತ್ತಿದ್ದ ಮನೆ. ಗೋಡೆಯಲ್ಲಿ ಇನ್ನೂ ಟಾರಿನ ವಾಸನೆಯಿದೆ. ದೋಣಿ ಎಳೆದು ತರುತ್ತಿದ್ದುದರಿಂದ ಬಾಗಿಲು ಆನೆ ಹೋಗುವಷ್ಟು ಅಗಲ, ಹೊಸ್ತಿಲೇ ಇಲ್ಲ. ಮುಂದೆ ಬೇಲಿ ಹಾಕಿದ ಹುಲ್ಲಿನ ಅಂಗಳವಿದೆ. ಗಿರಾಕಿಗಳಲ್ಲಿ ಅರ್ಧ ಜನ ಬಂದಿದ್ದಾರೆ. ಮಿಕ್ಕವರು ಬಟನ್ ಕಿತ್ತಾಗ ಬರುತ್ತಾರೆ.

ಇನ್ನೊಂದು ಮಾತು, ಇದನ್ನು ಸರಿಯಾಗಿ ಓದು. ನಾನು ನಿನಗಾಗಿ ತ್ಯಾಗ ಮಾಡಿದೆ ಅಂತ ತಿಳಿದು ದೊಡ್ಡ ಮುಖ ಮಾಡಿಕೊಂಡು ಕೂರಬೇಡ. ಮದುವೆಯಾದ ವರ್ಷದಿಂದ, ನಿನ್ನ ಭಾವ ತೀರಿಕೊಂಡ ಮೇಲೂ, ನಾನು ಹಳದಿ ಗೋಡೆ ನೋಡಿಕೊಂಡು ಹೊಲಿದೆ. ಈಗ ಮಿಷಿನ್ನು ಕಿಟಕಿಗೆ ಎದುರಾಗಿದೆ. ತಲೆ ಎತ್ತಿದರೆ ನೀರು, ನೀರಿನ ಮೇಲೆ ಮೇಸ್ತ್ರಿ. ಇದನ್ನು ನಾನು ನನಗೆ ಕೊಟ್ಟುಕೊಂಡಿದ್ದೇನೆ. ಬರುವುದಾದರೆ ಬಾ, ಕೋಣೆಯಿದೆ. ಆಶ್ರಯಧಾಮಕ್ಕೇ ಹೋಗುತ್ತೇನೆ ಅಂದರೆ ಹೋಗು, ಭಾನುವಾರ ಬಂದು ಬೈಯುತ್ತೇನೆ. ನಾನಂತೂ ಮೂರನೇ ಮಹಡಿಗೆ ವಾಪಸು ಹೋಗುವುದಿಲ್ಲ.

ಅಕ್ಕ


ಮೇ ೬

ಅಕ್ಕಾ,

ಬರುತ್ತೇನೆ.

ಒಲೆಯ ಕಟ್ಟೆ ನನ್ನ ಕೈಗೆ ಎಟುಕುವಷ್ಟು ತಗ್ಗಿರಬೇಕು, ಚಹಾ ನಾನೇ ಮಾಡಿಕೊಳ್ಳುತ್ತೇನೆ. ಬಚ್ಚಲಿನ ಗೋಡೆಗೂ ಅಂಗಳದ ಬೇಲಿಗೂ ಕಬ್ಬಿಣದ ಸರಳು ಬೇಕು. ಅದನ್ನು ಬೇರೆ ಯಾರಿಂದಲೂ ಹಾಕಿಸಬೇಡ, ನಾನು ಬಂದು ಬೆಸುಗೆ ಹಾಕುತ್ತೇನೆ. ನನ್ನ ವೆಲ್ಡಿಂಗ್ ಮಿಷಿನ್ನು ಗುಜರಿ ಯಜಮಾನರ ಹತ್ತಿರ ಇದೆ, ತರಿಸು.

ಗಾಡಿಯಿಂದ ಇಳಿಯುವಾಗ ತಡವಾಗುತ್ತದೆ. ನೀನು ಬಾಗಿಲಲ್ಲೇ ನಿಂತಿರು. ಕೈ ಚಾಚಬೇಡ.

ತಮ್ಮ


ಆಗಸ್ಟ್ ೩೦

ತಮ್ಮನಿಗೆ,

ಮನೆಯನ್ನೂ ಮೇಸ್ತ್ರಿಯನ್ನೂ ನಿನಗೆ ಬಿಟ್ಟು ಗೆಳತಿಯ ಜೊತೆ ಬಂದವಳು ಕೊನೆಗೂ ಕಡಲು ನೋಡಿದೆ. ಗೆಳತಿ ಹೇಳಿದ್ದಕ್ಕಿಂತ ದೊಡ್ಡದಿದೆ. ಈ ವಯಸ್ಸಿನಲ್ಲಿ ಸೀರೆ ಎತ್ತಿಕೊಂಡು ಮೊಣಕಾಲುದ್ದ ನೀರಿನಲ್ಲಿ ನಿಂತು ನಕ್ಕೆ. ಗೆಳತಿಗೆ ನಾಚಿಕೆಯಾಯಿತು, ನನಗಾಗಲಿಲ್ಲ.

ಆದರೆ ಮನಸ್ಸು ಅಲ್ಲೇ ಇದೆ. ಬೇಸಗೆಯಲ್ಲಿ ನೀನು ಬಂದಿಳಿದ ದಿನ ಮರೆಯಲಾಗುವುದಿಲ್ಲ. ನೀನು ಹೆಸರು ಹಿಡಿದು ಕರೆದೆ, ಮೇಸ್ತ್ರಿ ನಿನ್ನನ್ನು ನೋಡಿ ಬುಸುಗುಟ್ಟಿ ನನ್ನ ಹಿಂದೆ ಅಡಗಿದಳು. ನಾನು ಹೊರಡುವವರೆಗೂ ನಿನ್ನ ಹತ್ತಿರ ಬರಲಿಲ್ಲ. ಈಗ ನಾನಿಲ್ಲದಾಗಲಾದರೂ ಬಂದಳಾ? ಊಟ ಮಾಡುತ್ತಿದ್ದೀಯಾ? ಬಾ ಅಂದರೆ ನಾಳೆಯೇ ಹೊರಟು ಬರುತ್ತೇನೆ.

ಅಕ್ಕ


ಸೆಪ್ಟೆಂಬರ್ ೩

ಕಡಲು ಕಂಡ ಅಕ್ಕನಿಗೆ,

ಊಟ ಮಾಡಿದೆ. ಇದನ್ನು ಮೊದಲೇ ಬರೆದರೆ ಮುಂದಿನದನ್ನು ನಿಧಾನವಾಗಿ ಓದುತ್ತೀಯ.

ನಿನ್ನೆ ಬಿದ್ದೆ. ಮೂಳೆ ಮುರಿದಿಲ್ಲ, ಮೊಣಕೈ ತರಚಿದೆ ಅಷ್ಟೆ. ಟಬ್ಬಿಗೆ ನೀರು ಬಿಡಲು ಅಂಗಳಕ್ಕೆ ಹೋಗಿದ್ದೆ. ಪೈಪು ಗಾಲಿಗೆ ಸುತ್ತಿಕೊಂಡಿತು. ಎಳೆದೆ. ಕುರ್ಚಿ ವಾಲಿ ನನ್ನನ್ನು ಹುಲ್ಲಿಗೆ ಚೆಲ್ಲಿ, ತಾನು ಉರುಳಿಕೊಂಡು ಹೋಗಿ ಬೇಲಿಗೆ ತಾಗಿ ನಿಂತಿತು. ಮೊದಲು ಬಂದದ್ದು ಕೋಪ. ಕುರ್ಚಿಗೆ ಬೈದೆ, ಪೈಪಿಗೆ ಬೈದೆ, ಕೆಲಸಕ್ಕೆ ಬಾರದ ನನ್ನ ಕಾಲಿಗೆ ಬೈದೆ. ಬೈಗುಳ ಮುಗಿದ ಮೇಲೆ ಸುಮ್ಮನೆ ಮಲಗಿ ಆಕಾಶ ನೋಡಿದೆ.

ಆಗ ಪಟಪಟ ಹೆಜ್ಜೆ ಕೇಳಿಸಿತು. ನೀನು ಹೋದಾಗಿನಿಂದ ಮೇಸ್ತ್ರಿ ಗೇಟಿನ ಹತ್ತಿರವೇ ನಿನ್ನ ದಾರಿ ಕಾಯುತ್ತಿದ್ದಳು. ಅಲ್ಲಿಂದ ಬಂದು ನನ್ನ ತಲೆಯ ಹತ್ತಿರ ನಿಂತು ಒಂದು ಕಣ್ಣಿನಿಂದ ನೋಡಿದಳು, ತಿರುಗಿ ಇನ್ನೊಂದು ಕಣ್ಣಿನಿಂದ ನೋಡಿದಳು. ಕುತ್ತಿಗೆ ಬಗ್ಗಿಸಿ ನನ್ನ ಕಾಲರು ಕಚ್ಚಿದಳು. ಆಮೇಲೆ ಹುಲ್ಲು ಮೇಯುವ ಹಾಗೆ ನನ್ನ ಕೂದಲು ಎಳೆದಳು. ಶೆಡ್ಡಿನಲ್ಲಿ ಮಧ್ಯಾಹ್ನ ಚಾಪೆ ಹಾಸಿ ಮಲಗಿದಾಗ ಹೀಗೇ ಎಳೆದು ಎಬ್ಬಿಸುತ್ತಿದ್ದಳು. ಗಂಟಲಲ್ಲೇ ಏನೋ ಗೊಣಗಿಕೊಂಡು ನನ್ನ ಭುಜಕ್ಕೆ ಒರಗಿ ಕೂತಳು. ಗರಿಯ ಕೆಳಗೆ ಅವಳ ಎದೆ ಬಡಿಯುವುದು ನನ್ನ ತೋಳಿಗೆ ಗೊತ್ತಾಗುತ್ತಿತ್ತು.

ಅವಳು ಹೆದರಿದ್ದು ಗಾಲಿಕುರ್ಚಿಗೆ ಅಕ್ಕಾ, ನನಗಲ್ಲ. ಇಷ್ಟು ದಿನ ನಾನು ಬೇರೆಯೇ ಅರ್ಥ ಮಾಡಿಕೊಂಡಿದ್ದೆ. ಈ ಕುರ್ಚಿಯ ಮೇಲಿರುವವನು ಆ ಮನುಷ್ಯನಲ್ಲ ಅಂತ ಎಲ್ಲರಿಗಿಂತ ಮೊದಲು ಅವಳಿಗೆ ತಿಳಿಯಿತು ಅಂದುಕೊಂಡಿದ್ದೆ. ನಿನಗೆ ಹೇಳಲು ಬಾಯಿ ಬರಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ಪೋಸ್ಟ್‌ಮ್ಯಾನು ಬೇಲಿಯ ಮೇಲಿಂದ ನೋಡಿದರು. ಎತ್ತುತ್ತೇನೆ ಅಂತ ಓಡಿಬಂದರು. ಮೇಸ್ತ್ರಿ ಎದ್ದು ರೆಕ್ಕೆ ಬಿಚ್ಚಿ ನಿಂತಳು. ಪಾಪ, ಗೇಟಿನಲ್ಲೇ ನಿಂತುಬಿಟ್ಟರು.

"ಅಯ್ಯೋ, ಎಷ್ಟು ಹೊತ್ತಿಂದ ಬಿದ್ದಿದ್ದೀರೋ ಏನೋ" ಎಂದರು.

"ಬಿದ್ದಿದ್ದು ಆಗಲೇ. ಈಗ ಮಲಗಿದ್ದೀನಿ" ಎಂದೆ.

ಬೇಕಾದರೆ ಕರೆಯಿರಿ ಅಂದರು. ಖಂಡಿತ ಕರೆಯುತ್ತೇನೆ, ಈಗ ಬೇಡ ಅಂದೆ. ಒಳ್ಳೆಯ ಮನುಷ್ಯ, ಮತ್ತೆ ಒತ್ತಾಯ ಮಾಡಲಿಲ್ಲ.

ಹುಲ್ಲು ಬೆನ್ನಿಗೆ ತಣ್ಣಗಿತ್ತು. ಕಾಲುವೆಯ ಮೇಲಿಂದ ಗಾಳಿ ಬರುತ್ತಿತ್ತು. ಸಾಕು ಅನ್ನಿಸುವವರೆಗೆ ಮಲಗಿದ್ದೆ. ಆಮೇಲೆ ಮೊಣಕೈ ಊರಿ ಬೇಲಿಯವರೆಗೆ ತೆವಳಿದೆ. ಮೇಸ್ತ್ರಿ ಪಕ್ಕದಲ್ಲೇ ನಡೆದು ಬಂದಳು, ಕೆಲಸ ಸರಿಯಾಗಿದೆಯಾ ಅಂತ ನೋಡುತ್ತಾ. ಬೇಲಿಯ ಸರಳು ಹಿಡಿದು ಕುರ್ಚಿಗೆ ಏರಲು ಹೋದೆ, ಜಾರಿದೆ. ಮತ್ತೆ ಹೋದೆ, ಮತ್ತೆ ಜಾರಿದೆ. ಬೆವರು ಕಣ್ಣಿಗಿಳಿಯಿತು. ಏರಿದೆ. ಏರಿದ ಕೂಡಲೇ ಅವಳು ಬುಸ್ ಅಂದು ದೂರ ಓಡಿದಳು. ನಾನು ಜೋರಾಗಿ ನಕ್ಕುಬಿಟ್ಟೆ.

ಇವತ್ತು ಬೆಳಿಗ್ಗೆ ಚಹಾ ಲೋಟ ಹುಲ್ಲಿನ ಮೇಲಿಟ್ಟು, ಚಾಪೆ ಹಾಸಿ, ಬೇಕೆಂದೇ ಕೆಳಗಿಳಿದೆ. ಅವಳು ಬಂದಳು. ಏರುವುದು ಕಷ್ಟವೇ. ಕಷ್ಟವಾಗಲಿ. ದಿನಾ ಇಳಿಯುತ್ತೇನೆ, ದಿನಾ ಏರುತ್ತೇನೆ.

ನೀನು ಹೊರಟು ಬರಬೇಡ. ಇನ್ನೊಂದು ವಾರ ಅಲ್ಲೇ ಇರು. ಮೊಣಕಾಲುದ್ದ ಸಾಲದು, ಇನ್ನೂ ಒಳಗೆ ಹೋಗಿ ನಿಲ್ಲು. ಯಾರು ಏನಂದರೂ ಕಿವಿಗೆ ಹಾಕಿಕೊಳ್ಳಬೇಡ. ಬೇಗ ಬಂದರೆ ಗೇಟು ತೆಗೆಯುವುದಿಲ್ಲ. ನಾವಿಬ್ಬರೂ ಮಲಗಿರುತ್ತೇವೆ.

ನಿನ್ನ ತಮ್ಮ